ಸೆರಗು ತಿರುವಿ ನೋಡಿ

ಹುಬ್ಬಳ್ಳಿ-ಧಾರವಾಡದ ಕರಕುಶಲ ಮೇಳಕ್ಕೆ ಕಾಶ್ಮೀರದ ಶಾಲು ಬಂದರೆ ಅದರ ಸುತ್ತ ಜನ ಸೇರುತ್ತಾರೆ. ಎರಡೂ ಮಗ್ಗುಲು ಒಂದೇ ಚಿತ್ತಾರ ತೋರುವ 'ದೋರುಖಾ' ಶಾಲನ್ನು ಹಿಂದೆ ಮುಂದೆ ಮಾಡಿ ಬೆರಗಾಗುತ್ತಾರೆ. ಅಂಥದೇ ಬೆರಗು ಎಷ್ಟೋ ಮನೆಗಳಲ್ಲಿ ಅಜ್ಜಿಯ ಟ್ರಂಕಿನ ತಳದಲ್ಲಿ ಮಡಚಿ ಬಿದ್ದಿದೆ. ಅದು ಧಾರವಾಡದ ಕಸೂತಿ.

ಕೈ ಮತ್ತು ಸೂತಿ, ಅಂದರೆ ನೂಲು, ಸೇರಿ ಕಸೂತಿ ಆಯಿತು ಎನ್ನುವುದು ವಾಡಿಕೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆ ಎಣಿಸುತ್ತಲೇ ಸೂಜಿ ಹೋಗಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಚಿತ್ತಾರ ವಾಲುತ್ತದೆ. ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹೋಗಿ, ಮರಳಿ ಬರುವಾಗ ಬಿಟ್ಟ ಮನೆ ತುಂಬುತ್ತದೆ. ಮುರುಗಿ ಅದೇ ನಡಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇವೆರಡಕ್ಕೂ ಒಳಮೈ, ಹೊರಮೈ ಎಂಬ ಭೇದವಿಲ್ಲ, ಗಂಟೂ ಕಾಣದು. ನೇಯ್ದಂತೆ ತೋರುವುದು ನೇಗಿ. ಒಂದನ್ನೊಂದು ಕತ್ತರಿಸುವ ಗೆರೆಗಳದ್ದು ಮೆಂತೆ.

ಈ ಕಲೆಗೆ ಮೈಕೊಟ್ಟದ್ದು ಸುತ್ತಲಿನ ಸೀಮೆ. ಸೀರೆ ಇಳಕಲ್ಲಿನದು, ಕುಬಸದ ಖಣ ಗುಳೇದಗುಡ್ಡದ್ದು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಬಿಳಿ, ಕೆಂಪು, ಹಸಿರು ನೂಲು ಎದ್ದು ಕಾಣುತ್ತದೆ. ಆದರೆ ಕಪ್ಪಿನಲ್ಲಿ ಎಳೆ ಎಣಿಸುವವಳ ಕಣ್ಣಿನ ಪಾಡು ಅವಳಿಗೇ ಗೊತ್ತು. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ, ನವಿಲು, ತೊಟ್ಟಿಲು: ಗುಡಿ, ಜಾತ್ರೆ, ಅಂಗಳದಲ್ಲಿ ಕಂಡದ್ದೆಲ್ಲ ಸೀರೆಗೆ ಬಂತು. ಸೆರಗಿನ ಹತ್ತಿರ ದೊಡ್ಡ ಚಿತ್ತಾರ, ದೂರ ಸರಿದಂತೆ ಚಿಕ್ಕದು. ಕೂಸಿನ ಕುಂಚಿಗಿ, ಕುಲಾಯಿಗೂ ಇದೇ ಸಿಂಗಾರ.

ಇಂಥ ಎಳೆಯ ಲೆಕ್ಕಕ್ಕೆ ಕಾಶ್ಮೀರದಲ್ಲಿ ಕಾನಿ ಎಂಬ ಬಗೆಯ ಶಾಲು ನೇಯುವವರಿಗೆ 'ತಾಲೀಮ್' ಎಂಬ ಸಂಕೇತಲಿಪಿ ಇದೆ. ಯಾವ ಬಣ್ಣ, ಎಷ್ಟು ಎಳೆ ಎಂಬುದನ್ನು ಅದನ್ನು ಓದಿ ತಿಳಿಯುತ್ತಾರೆ. ಅಲ್ಲಿ ಮಗ್ಗ, ಸೂಜಿ ಎರಡೂ ಬಹುಮಟ್ಟಿಗೆ ಗಂಡಸರ ಕೈಯಲ್ಲಿದ್ದವು. ಕೆಲಸ ಕಾರ್ಖಾನೆಯದು, ಸರಕು ದೂರದ ಪೇಟೆಯದು. ಕಸೂತಿ ಹೆಂಗಸರದು, ಮನೆಗೆಲಸ ಮುಗಿದ ಮಧ್ಯಾಹ್ನದ್ದು. ಲೆಕ್ಕ ಕಾಗದಕ್ಕೆ ಇಳಿಯದೆ ಅವ್ವನ ಬೆರಳಿನಿಂದ ಮಗಳ ಬೆರಳಿಗೆ ದಾಟಿತು. ಮಾರಲೆಂದು ಹುಟ್ಟಿದ್ದಲ್ಲವಾದ್ದರಿಂದ ಅದರ ದುಡಿಮೆಗೆ ಬೆಲೆ ಕಟ್ಟುವ ರೂಢಿಯೂ ಬೆಳೆಯಲಿಲ್ಲ.

ಇಂದು ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ಕಾಲೇಜಿನಲ್ಲಿ ಅದರ ಅಧ್ಯಯನ ನಡೆದಿದೆ. ಆದರೂ ಯಂತ್ರದ ಹೊಲಿಗೆ, ಅಚ್ಚಿನ ಬಟ್ಟೆ ಅದೇ ಹೆಸರಿನಲ್ಲಿ ಅಗ್ಗಕ್ಕೆ ಬಿಕರಿಯಾಗುತ್ತವೆ. ಒಂದು ಸೀರೆಗೆ ವಾರಗಟ್ಟಲೆ ಕೂತವಳು ಆ ದರಕ್ಕೆ ಇಳಿಯಲಾರಳು.

ಮುಂದಿನ ಸಲ ಕಸೂತಿ ಸೀರೆ ಕೊಳ್ಳುವಾಗ ಸೆರಗನ್ನು ತಿರುವಿ ನೋಡಿ. ಗವಂತಿಯ ಗೆರೆ ಹಿಂದೆಯೂ ಅಷ್ಟೇ ಚೊಕ್ಕವಾಗಿದ್ದರೆ, ಚೌಕಾಶಿ ಮಾಡಬೇಡಿ.