ತಾರಸಿಯ ಆಂಟೆನಾ ಮತ್ತು ಡಿಜಿಟಲ್ ಅಲೆ



ದಾವಣಗೆರೆಯ ಹಳೆಯ ಬಡಾವಣೆಗಳಲ್ಲಾಗಲಿ, ಹರಿಹರದ ನದಿದಂಡೆಯ ಓಣಿಗಳಲ್ಲಾಗಲಿ ತಲೆಯೆತ್ತಿ ನಡೆದರೆ ಕೆಲವು ತಾರಸಿಗಳ ಮೇಲೆ ಮೀನಿನ ಮುಳ್ಳಿನಂತಹ ಅಲ್ಯುಮಿನಿಯಂ ಆಂಟೆನಾ ಇನ್ನೂ ಕಾಣಸಿಗುತ್ತದೆ. ಒಂದೆರಡು ಕಡ್ಡಿ ಬಾಗಿರುತ್ತವೆ. ಅದರ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿರುವುದೂ ಉಂಟು. ಈ ಕಡೆಯ ವಿದ್ಯಾರ್ಥಿಗಳು ಸಿಕ್ಕಾಗ ಕೇಳುವ ಪ್ರಶ್ನೆ ಇದು: "ಬೆಂಗಳೂರಿನಲ್ಲಿ ದೂರದರ್ಶನದ ಡಿಜಿಟಲ್ ಭೂ-ಪ್ರಸಾರ ಬಂದಿತ್ತಂತೆ. ನಮ್ಮ ಮನೆಯ ಹೊಸ ಟಿವಿಯಲ್ಲಿ ಅದಕ್ಕೆ ಬೇಕಾದ ಟ್ಯೂನರ್ ಇದೆ ಎಂದು ಪುಸ್ತಕದಲ್ಲಿ ಬರೆದಿದೆ. ಹಳೆಯ ಆಂಟೆನಾವನ್ನು ಇನ್ನಷ್ಟು ಎತ್ತರಿಸಿ ಜೋಡಿಸಿದರೆ ತಿಂಗಳ ಬಾಡಿಗೆ ಇಲ್ಲದೆ ಚಂದನ ಬರುತ್ತದೆಯೇ?"

ಬರುವುದಿಲ್ಲ. ಆದರೆ ಏಕೆ ಬರುವುದಿಲ್ಲ ಎಂಬುದರಲ್ಲಿ ನಿಮ್ಮ ಪಿಯುಸಿ ಭೌತಶಾಸ್ತ್ರದ ಒಂದೆರಡು ಪಾಠಗಳೇ ಅಡಗಿವೆ. ತಿಂಗಳ ಬಾಡಿಗೆಯ ಮಾತೂ ಸಣ್ಣದಲ್ಲ. 2020ರ ಜುಲೈನಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗೆ 'ಸೇತುಬಂಧ' ಪಾಠಗಳು ಪ್ರಸಾರವಾದವು. ಟಿವಿ ಇದ್ದೂ ಸಂಪರ್ಕಕ್ಕೆ ಹಣ ಕಟ್ಟಲಾಗದ ಮನೆಯ ಮಗುವಿಗೆ ಅಂದು ಉಚಿತ ಪ್ರಸಾರ ಎಂದರೆ ತರಗತಿಯ ಬಾಗಿಲೇ ಆಗಿತ್ತು.

ಮೊದಲು ದೂರದ ಲೆಕ್ಕ ನೋಡೋಣ. ಟಿವಿ ಪ್ರಸಾರಕ್ಕೆ ಬಳಸುವ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರ ಗೆರೆಯಲ್ಲಿ ಸಾಗುತ್ತವೆ. ಮಧ್ಯಮ ತರಂಗದ ರೇಡಿಯೋ ಅಲೆಯಂತೆ ನೆಲಕ್ಕೆ ಅಂಟಿಕೊಂಡು ಹರಿಯುವುದಿಲ್ಲ, ಕಿರುತರಂಗದಂತೆ ಮೇಲಿನ ಅಯಾನುಗೋಳಕ್ಕೆ ತಾಗಿ ಹಿಂದಿರುಗುವುದೂ ಇಲ್ಲ. ಭೂಮಿ ದುಂಡಗಿರುವುದರಿಂದ ಒಂದು ದೂರದಾಚೆ ಗೋಪುರವೇ ದಿಗಂತದ ಕೆಳಗೆ ಇಳಿದುಬಿಡುತ್ತದೆ. ವಾಯುಮಂಡಲ ಅಲೆಯನ್ನು ತುಸು ಬಾಗಿಸಿ ಸ್ವಲ್ಪ ಸಹಾಯ ಮಾಡುತ್ತದೆ. ಅದನ್ನೂ ಸೇರಿಸಿದರೆ ಸೂತ್ರ ಸರಳ: ಗೋಪುರದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ನಿಮ್ಮ ಆಂಟೆನಾದ ಎತ್ತರಕ್ಕೂ ಹೀಗೆಯೇ ಮಾಡಿ ಎರಡನ್ನೂ ಕೂಡಿಸಬೇಕು.

ಗೋಪುರ 150 ಮೀಟರ್ ಇದೆ ಎನ್ನಿ. ಅದರ ದಿಗಂತ ಸುಮಾರು 50 ಕಿಲೋಮೀಟರ್. ನಿಮ್ಮ ತಾರಸಿಯ ಆಂಟೆನಾ ನೆಲದಿಂದ 10 ಮೀಟರ್ ಮೇಲಿದ್ದರೆ ಅದರದ್ದು 13. ಒಟ್ಟು 63 ಕಿಲೋಮೀಟರ್. ಬೆಂಗಳೂರಿನಿಂದ ದಾವಣಗೆರೆ ಕಾಗೆ ಹಾರುವ ದಾರಿಯಲ್ಲಿ ಸುಮಾರು 240 ಕಿಲೋಮೀಟರ್. ಉಳಿದ 190 ಕಿಲೋಮೀಟರನ್ನು ನಿಮ್ಮ ಕಡೆಯಿಂದಲೇ ತುಂಬಿಕೊಡಬೇಕೆಂದರೆ ಆಂಟೆನಾ ಎಷ್ಟು ಎತ್ತರದಲ್ಲಿರಬೇಕು? ಸೂತ್ರವನ್ನು ತಿರುಗಿಸಿ ಲೆಕ್ಕ ಹಾಕಿ. 2,100 ಮೀಟರಿಗೂ ಮೇಲೆ ಬರುತ್ತದೆ. ಸಮುದ್ರಮಟ್ಟದಿಂದ ಅಳೆದರೂ ನಮ್ಮ ಮುಳ್ಳಯ್ಯನಗಿರಿ ಅಷ್ಟು ಎತ್ತರವಿಲ್ಲ! ಬೆಂಗಳೂರು ದಾವಣಗೆರೆಗಿಂತ ಸುಮಾರು 300 ಮೀಟರ್ ಮೇಲಿನ ನೆಲದಲ್ಲಿದೆಯಲ್ಲ ಎಂದು ಜಾಣ ವಿದ್ಯಾರ್ಥಿಗಳು ಕೇಳಬಹುದು. ಅದನ್ನು ಪೂರ್ತಿ ಲಾಭವೆಂದು ಹಿಡಿದರೂ 1,300 ಮೀಟರಿಗೆ ಮೇಲ್ಪಟ್ಟ ಕಂಬ ಬೇಕು. ನಡುವಿನ ನೆಲವೂ ಎತ್ತರದ್ದೇ ಆದ್ದರಿಂದ ವಾಸ್ತವದಲ್ಲಿ ಅದೂ ಸಾಲದು.

ಹಾಗಾದರೆ ಹಿಂದೆ ಕೆಲವು ಮುಂಜಾನೆ ಎಲ್ಲಿಯದೋ ದೂರದ ಕೇಂದ್ರ ತೆರೆಯ ಮೇಲೆ ಮಸುಕಾಗಿ ಮೂಡುತ್ತಿತ್ತಲ್ಲ ಎಂದು ಮನೆಯ ಹಿರಿಯರು ಹೇಳಿಯಾರು. ಅದೂ ನಿಜವೇ. ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಪದರ ಕೂತಾಗ ಅಲೆಗಳು ಕೊಳವೆಯಲ್ಲಿ ಸಿಕ್ಕಂತೆ ನೂರಾರು ಕಿಲೋಮೀಟರ್ ಸಾಗುವುದುಂಟು. ಬಿಸಿಲೇರಿದಂತೆ ಆ ಪದರ ಕರಗುತ್ತದೆ. ಅದನ್ನು ನೆಚ್ಚಿ ಪಾಠ ಕೇಳಲಾಗದು.

ಆದ್ದರಿಂದಲೇ ಪ್ರಾದೇಶಿಕ ಪ್ರಸಾರ ಕೇಂದ್ರಗಳು ಬೇಕಾದವು. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. ಎಂಬತ್ತರ ದಶಕದಲ್ಲಿ ಉಪಗ್ರಹದಿಂದ ಕಾರ್ಯಕ್ರಮವನ್ನು ಇಳಿಸಿಕೊಂಡು ಊರಿನ ಸುತ್ತ ಹರಡುವ ಮರುಪ್ರಸಾರ ಕೇಂದ್ರಗಳು ದೇಶದಾದ್ಯಂತ ಬಂದವು. ಮುಂದೆ ಅವುಗಳ ಸಂಖ್ಯೆ 1,400 ದಾಟಿತು. ದೊಡ್ಡ ಕೇಂದ್ರಗಳು 10 ಕಿಲೋವಾಟಿನವು, ಸಣ್ಣವು ಮೊದಲಿಗೆ ಕೇವಲ 100 ವಾಟಿನವು. ನೂರು ವಾಟ್ ಎಂದರೆ ಒಂದು ಹಳೆಯ ಬಲ್ಬಿನಷ್ಟು ಶಕ್ತಿ! ಅಷ್ಟರಿಂದ ಒಂದು ಊರು ಮತ್ತು ಅಕ್ಕಪಕ್ಕದ ಹಳ್ಳಿಗಳು ಚಿತ್ರ ನೋಡುತ್ತಿದ್ದವು ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ. ದಾವಣಗೆರೆಯಲ್ಲಿ ನಿಂತ ಗೋಪುರಕ್ಕೆ 14 ಕಿಲೋಮೀಟರ್ ದೂರದ ಹರಿಹರ ದೊಡ್ಡ ಸವಾಲೇನಲ್ಲ. ಹರಿಹರ ತುಂಗಭದ್ರೆಯ ಪಾತ್ರದಲ್ಲಿ ತಗ್ಗಿಗಿದೆ, ಅಷ್ಟೇ.

ಇನ್ನು ಡಿಜಿಟಲ್ ಎಂದರೇನು ಎಂಬುದಕ್ಕೆ ಬರೋಣ. ಹಳೆಯ ಪದ್ಧತಿಯಲ್ಲಿ ಚಿತ್ರದ ಬೆಳಕು ಹೆಚ್ಚಿದಂತೆ, ತಗ್ಗಿದಂತೆ ಅಲೆಯ ಬಲವೂ ಏರಿಳಿಯುತ್ತಿತ್ತು. ದಾರಿಯಲ್ಲಿ ಏನೇ ಬೆರೆತರೂ ಅದು ಚಿತ್ರದೊಳಗೆ ಬಂದು ಕೂರುತ್ತಿತ್ತು. ಸಂಜ್ಞೆ ಕ್ಷೀಣಿಸಿದರೆ ತೆರೆಯ ತುಂಬ ಇರುವೆ ಹರಿದಂತೆ ಚುಕ್ಕೆಗಳು. ದೊಡ್ಡ ನೀರಿನ ಟ್ಯಾಂಕಿಗೋ ಹತ್ತಿ ಗಿರಣಿಯ ಗೋಡೆಗೋ ಬಡಿದು ಸುತ್ತಿ ಬಂದ ಅಲೆಯಿಂದ ಪ್ರತಿಯೊಬ್ಬರ ಪಕ್ಕದಲ್ಲೂ ಅವರದೇ ಒಂದು ಮಸುಕು ನೆರಳು. ವಾರ್ತೆ ಓದುವವರಿಗೆ ಎರಡು ಮೂಗು!

ಈ ನೆರಳನ್ನು ಅಳೆಯಬಹುದಿತ್ತು ಎಂಬುದು ಸ್ವಾರಸ್ಯ. ಸುತ್ತಿ ಬಂದ ದಾರಿ 300 ಮೀಟರ್ ಹೆಚ್ಚಾಗಿದ್ದರೆ ಆ ಅಲೆ ಒಂದು ಮೈಕ್ರೊಸೆಕೆಂಡ್ ತಡವಾಗಿ ತಲುಪುತ್ತದೆ. ತೆರೆಯ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯಲು ಹಿಡಿಯುತ್ತಿದ್ದ ಕಾಲ 52 ಮೈಕ್ರೊಸೆಕೆಂಡ್. ಆದ್ದರಿಂದ 40 ಸೆಂಟಿಮೀಟರ್ ಅಗಲದ ತೆರೆಯಲ್ಲಿ ನೆರಳು ಸುಮಾರು ಮುಕ್ಕಾಲು ಸೆಂಟಿಮೀಟರ್ ಬಲಕ್ಕೆ ಸರಿದಿರುತ್ತಿತ್ತು. ಅಳತೆಪಟ್ಟಿ ಹಿಡಿದು ನೋಡಿದ್ದರೆ ಅಡ್ಡಿ ಎಷ್ಟು ದೂರದ್ದು ಎಂದು ಊಹಿಸಬಹುದಿತ್ತು. ನಾವು ಅಂದು ಅಳೆಯಲಿಲ್ಲ, ತಾರಸಿಯ ಮೇಲೆ ನಿಂತು "ಬಂತಾ? ಈಗ ಬಂತಾ?" ಎಂದು ಕೂಗುವುದರಲ್ಲೇ ಭಾನುವಾರ ಕಳೆಯಿತು.

ಡಿಜಿಟಲ್ ಪದ್ಧತಿಯಲ್ಲಿ ಚಿತ್ರ ಅಂಕಿಗಳಾಗಿ ಬರುತ್ತದೆ. ಒಂದು ಸಾಧಾರಣ ಚೌಕಟ್ಟಿನಲ್ಲಿ 720 ಗುಣಿಸು 576, ಅಂದರೆ ನಾಲ್ಕು ಲಕ್ಷಕ್ಕೂ ಮೀರಿದ ಬಿಂದುಗಳು. ಸೆಕೆಂಡಿಗೆ 25 ಚೌಕಟ್ಟು, ಬಿಂದುವಿಗೆ 16 ಬಿಟ್ ಎಂದರೆ ಸೆಕೆಂಡಿಗೆ 16 ಕೋಟಿಗೂ ಹೆಚ್ಚು ಬಿಟ್‌ಗಳು. ಇಷ್ಟನ್ನು ಯಾವ ಪ್ರಸಾರಕ್ಕೂ ಹೊರಲಾಗದು. ಇಲ್ಲಿ ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿಯ ಹೋಲಿಕೆ ಸಾಕು. ಹುರಿದ ಮಂಡಕ್ಕಿಯನ್ನು ಮೂಟೆ ಕಟ್ಟಿ ಸಾಗಿಸಿದರೆ ಲಾರಿ ತುಂಬುತ್ತದೆ, ತೂಕವೇನೂ ಇರುವುದಿಲ್ಲ. ಅಕ್ಕಿಯನ್ನೇ ಸಾಗಿಸಿ ಆ ಊರಿನಲ್ಲೇ ಹುರಿದುಕೊಂಡರೆ ಅದೇ ಲಾರಿಯಲ್ಲಿ ಹಲವು ಅಂಗಡಿಗಳಿಗೆ ಸಾಕಾಗುತ್ತದೆ. ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಬದಲಾಗದೆ ಉಳಿದ ಗೋಡೆ, ಆಕಾಶ, ಪರದೆಗಳನ್ನು ಮತ್ತೆ ಮತ್ತೆ ಕಳುಹಿಸದೆ ಬದಲಾದಷ್ಟನ್ನು ಮಾತ್ರ ಕಳುಹಿಸುವುದು ಇಲ್ಲಿನ ಮುಖ್ಯ ಉಪಾಯ. ಹೀಗೆ ಸುಮಾರು 20 ಲಕ್ಷ ಬಿಟ್‌ಗಳಿಗೆ ಇಳಿಸಿದ ಚಿತ್ರವನ್ನು ನಿಮ್ಮ ಮನೆಯ ಪೆಟ್ಟಿಗೆ ಮತ್ತೆ ಹುರಿದುಕೊಳ್ಳುತ್ತದೆ. ಹಿಂದೆ ಒಂದೇ ವಾಹಿನಿ ತುಂಬಿಕೊಳ್ಳುತ್ತಿದ್ದ ಜಾಗದಲ್ಲಿ ಈಗ ಹಲವು ವಾಹಿನಿಗಳು ಹೋಗುವುದು ಇದರಿಂದಲೇ.

ದಾರಿಯಲ್ಲಿ ಕೆಲವು ಅಂಕಿ ಅಳಿಸಿಹೋದರೆ? ಕಿರಾಣಿ ಅಂಗಡಿಯ ಚೀಟಿ ನೆನಪಿಸಿಕೊಳ್ಳಿ. ಒಂದು ಸಾಲಿನ ಮೇಲೆ ಎಣ್ಣೆ ಬಿದ್ದು ಅಳಿಸಿದ್ದರೂ ಕೆಳಗಿನ ಮೊತ್ತ ಇದ್ದರೆ ಆ ಸಾಲಿನ ಬೆಲೆಯನ್ನು ಕಂಡುಹಿಡಿಯಬಹುದು. ಇದೇ ಉಪಾಯವನ್ನು ಇನ್ನೂ ಚತುರವಾಗಿ ಬಳಸಿ ಅಳಿದ ಅಂಕಿಗಳನ್ನು ಪೆಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ. ಆದರೆ ಎರಡು ಮೂರು ಸಾಲು ಒಟ್ಟಿಗೆ ಅಳಿಸಿದರೆ ಮೊತ್ತದಿಂದ ಏನೂ ತಿಳಿಯದು. ಆದ್ದರಿಂದ ಡಿಜಿಟಲ್ ಚಿತ್ರ ಒಂದು ಮಟ್ಟದವರೆಗೆ ಸ್ವಚ್ಛವಾಗಿದ್ದು, ಆ ಮಟ್ಟ ತಪ್ಪಿದೊಡನೆ ಚೌಕಚೌಕವಾಗಿ ಒಡೆದು ನಿಂತೇ ಹೋಗುತ್ತದೆ. ಚುಕ್ಕೆಗಳ ನಡುವೆಯೂ ಕ್ರಿಕೆಟ್ ಸ್ಕೋರ್ ಓದುತ್ತಿದ್ದ ಹಳೆಯ ಸೌಲಭ್ಯ ಇಲ್ಲಿಲ್ಲ.

ನೆರಳಿಗೂ ಮದ್ದಿದೆ. ಎಲ್ಲ ಅಂಕಿಗಳನ್ನೂ ಒಂದೇ ವಾಹಕ ಅಲೆಯ ಮೇಲೆ ಅವಸರದಿಂದ ಸಾಗಿಸುವ ಬದಲು ಸಾವಿರಾರು ಸಣ್ಣ ವಾಹಕಗಳಿಗೆ ಹಂಚುತ್ತಾರೆ. ಆಗ ಪ್ರತಿಯೊಂದೂ ನಿಧಾನವಾಗಿ ನಡೆಯಬಹುದು. ಒಂದು ಸಂಕೇತಕ್ಕೂ ಮುಂದಿನದಕ್ಕೂ ನಡುವೆ ತುಸು ಕಾವಲು ಕಾಲವನ್ನೂ ಬಿಡುತ್ತಾರೆ. ಸುತ್ತಿ ಬಂದ ಅಲೆ ಆ ಕಾವಲಿನೊಳಗೆ ತಲುಪಿದರೆ ಕೆಡುಕಿಲ್ಲ. 28 ಮೈಕ್ರೊಸೆಕೆಂಡ್ ಕಾವಲು ಇದ್ದರೆ 8 ಕಿಲೋಮೀಟರಿಗೂ ಹೆಚ್ಚು ಸುತ್ತಿ ಬಂದ ಅಲೆಯನ್ನೂ ಸಹಿಸಬಹುದು. ಅಷ್ಟೇ ಅಲ್ಲ, ಕಾವಲನ್ನು ಸರಿಯಾಗಿ ಆರಿಸಿದರೆ ದಾವಣಗೆರೆಯಲ್ಲೊಂದು, ಹರಿಹರದಲ್ಲೊಂದು ಗೋಪುರ ನಿಲ್ಲಿಸಿ ಎರಡನ್ನೂ ಒಂದೇ ಕಂಪನಾಂಕದಲ್ಲಿ ನಡೆಸಬಹುದು. ಹಳೆಯ ಪದ್ಧತಿಯಲ್ಲಿ ಹೀಗೆ ಮಾಡಿದ್ದರೆ ಎರಡೂ ಚಿತ್ರ ಕೆಡುತ್ತಿತ್ತು.

ಇಷ್ಟೆಲ್ಲ ಗುಣಗಳಿದ್ದೂ ಅದು ದಾವಣಗೆರೆಗೆ ಬರಲಿಲ್ಲ. ದೂರದರ್ಶನ 2016ರ ಫೆಬ್ರವರಿ 25ರಂದು 16 ನಗರಗಳಲ್ಲಿ ಡಿಜಿಟಲ್ ಭೂ-ಪ್ರಸಾರ ಆರಂಭಿಸಿದಾಗ ಆ ಪಟ್ಟಿಯಲ್ಲಿದ್ದ ಕರ್ನಾಟಕದ ಊರು ಬೆಂಗಳೂರೊಂದೇ. ಒಂದೇ ಪ್ರಸಾರದಲ್ಲಿ ಐದು ವಾಹಿನಿಗಳಿದ್ದವು. ಸಣ್ಣ ಡಾಂಗಲ್ ಸಿಕ್ಕಿಸಿದರೆ ಮೊಬೈಲ್ ಫೋನಿನಲ್ಲೂ ನೋಡಬಹುದಿತ್ತು. ಮುಂದೆ ಪ್ರಸಾರ ಭಾರತಿ ಹಳೆಯ ಅನಲಾಗ್ ಪ್ರಸಾರಕಗಳನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದಿತು. ಆಯಕಟ್ಟಿನ ಸುಮಾರು 50 ಸ್ಥಳಗಳನ್ನು ಬಿಟ್ಟು ಉಳಿದವನ್ನೆಲ್ಲ 2022ರ ಮಾರ್ಚ್ ವೇಳೆಗೆ ಮುಚ್ಚುವುದೆಂದು ಪ್ರಕಟಿಸಿತು. ಬ್ರಿಟನ್ನಿನಲ್ಲಿ 2012ರಲ್ಲಿ ಅನಲಾಗ್ ಮುಗಿಯುವ ಹೊತ್ತಿಗೆ ಊರೂರಿನ ಗೋಪುರದಿಂದ ಡಿಜಿಟಲ್ ಅಲೆ ಬಂದಿತ್ತು. ನಮ್ಮ ನಡುಗಾತ್ರದ ಊರುಗಳಲ್ಲಿ ಹಳೆಯ ಅಲೆ ಹೋಯಿತು, ಅದರ ಜಾಗಕ್ಕೆ ಗೋಪುರದ ಹೊಸ ಅಲೆ ಬರಲಿಲ್ಲ. ಆ ಕೆಲಸವನ್ನು ಉಪಗ್ರಹಕ್ಕೆ ವಹಿಸಲಾಯಿತು.

ಅದೇ ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ತಟ್ಟೆ ಮತ್ತು ಪೆಟ್ಟಿಗೆಗೆ ಒಮ್ಮೆ ಹಣ ಕೊಟ್ಟರೆ ಆಯಿತು. ಸಂಜ್ಞೆ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯ ಮೇಲೆ ನಿಂತಿರುವ ಜಿಸ್ಯಾಟ್-15 ಉಪಗ್ರಹದಿಂದ. ಬೆಟ್ಟ, ದಿಗಂತ ಯಾವುದರ ಹಂಗೂ ಇಲ್ಲ. ಅರಸೀಕೆರೆಗೂ ಹರಿಹರಕ್ಕೂ ಒಂದೇ ನ್ಯಾಯ. ಇದು ದೊಡ್ಡ ಗುಣ. ಆದರೆ ಇದರ ಅಲೆಯ ಉದ್ದ ಕೇವಲ ಎರಡೂವರೆ ಸೆಂಟಿಮೀಟರಿನಷ್ಟು. ದಪ್ಪ ಹನಿಯ ಜೋರುಮಳೆ ಅದನ್ನು ಹೀರಿ ಚದುರಿಸಿಬಿಡುತ್ತದೆ. ಗೋಪುರದ ಅಲೆ ಅರ್ಧ ಮೀಟರಿಗೂ ಉದ್ದವಾದದ್ದು, ಅದಕ್ಕೆ ಮಳೆ ಲೆಕ್ಕಕ್ಕಿಲ್ಲ. ತುಂಗಭದ್ರೆ ತುಂಬಿ ಹರಿಯುವ ದಿನಗಳಲ್ಲಿ, ಕೇಬಲ್ ಕಡಿದು, ಸುದ್ದಿ ತುರ್ತಾಗಿ ಬೇಕಾದಾಗಲೇ ತಟ್ಟೆ 'ಸಿಗ್ನಲ್ ಇಲ್ಲ' ಎನ್ನಬಹುದು. ಈ ಒಂದು ಕಾರಣಕ್ಕಾದರೂ ಜಿಲ್ಲೆಗೊಂದು ಡಿಜಿಟಲ್ ಗೋಪುರ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಖರ್ಚಿನ ಲೆಕ್ಕ ಹಾಕುವವರ ಅಭಿಪ್ರಾಯ ಬೇರೆ ಇದ್ದೀತು. ಗೋಪುರದಿಂದ ನೇರವಾಗಿ ಮೊಬೈಲ್ ಫೋನಿಗೆ ಪ್ರಸಾರ ಮಾಡುವ ಪ್ರಯೋಗಗಳು ಬೆಂಗಳೂರಿನಲ್ಲಿ ನಡೆದಿವೆ. ಅದು ಸಫಲವಾದರೆ ಊರಿನ ಗೋಪುರಕ್ಕೆ ಮತ್ತೆ ಕೆಲಸ ಬಂದೀತು.

ಸದ್ಯಕ್ಕೆ ತಟ್ಟೆ ಕೂರಿಸುವವರಿಗೆ ಒಂದು ಲೆಕ್ಕ. ದಾವಣಗೆರೆ, ಹರಿಹರಗಳಿಂದ ಜಿಸ್ಯಾಟ್-15 ಇರುವುದು ಆಗ್ನೇಯದಲ್ಲಿ: ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 128 ಡಿಗ್ರಿ, ನೆಲಮಟ್ಟದಿಂದ ಮೇಲಕ್ಕೆ ಸುಮಾರು 63 ಡಿಗ್ರಿ. ಕಾಕತಾಳೀಯವಾಗಿ ಬೆಂಗಳೂರೂ ಹೆಚ್ಚುಕಡಿಮೆ ಅದೇ ದಿಕ್ಕಿಗಿದೆ. ಅದರಿಂದಲೇ ತಟ್ಟೆ ಬೆಂಗಳೂರನ್ನು ನೋಡುತ್ತಿದೆ ಎಂದು ಕೆಲವರು ತಿಳಿದಿರುವುದು. ನಿಜದಲ್ಲಿ ಅದು ನೋಡುತ್ತಿರುವುದು 36,000 ಕಿಲೋಮೀಟರ್ ಆಚೆಗೆ. ತಟ್ಟೆ ಅಷ್ಟು ಮೇಲ್ಮುಖವಾಗಿ ಕಾಣುವುದಿಲ್ಲವಲ್ಲ ಎಂದು ಗಾಬರಿ ಬೇಡ. ಗ್ರಾಹಕದ ತೋಳು ಕೆಳಗಿರುವ ಈ ಬಗೆಯ ತಟ್ಟೆಗೆ ಅಲೆ ಓರೆಯಾಗಿ ಬಿದ್ದು ತೋಳಿನ ತುದಿಗೆ ಪ್ರತಿಫಲಿಸುತ್ತದೆ. ಎದುರಿಗೆ ತೆಂಗಿನ ಗರಿ ಅಡ್ಡ ಬಾರದಂತೆ ನೋಡಿಕೊಂಡರೆ ಸಾಕು.

ಹಳೆಯ ಆಂಟೆನಾವನ್ನು ಗುಜರಿಗೆ ಹಾಕುವ ಮುನ್ನ ಒಂದು ಕೆಲಸ ಮಾಡಿ. ವೈರು ಜೋಡಿಸಿದ, ಮಡಚಿದಂತಿರುವ ಕಡ್ಡಿಯ ಉದ್ದವನ್ನು ತುದಿಯಿಂದ ತುದಿಗೆ ಮೀಟರಿನಲ್ಲಿ ಅಳೆಯಿರಿ. ಅದು ಸುಮಾರಾಗಿ ಅಲೆಯ ಉದ್ದದ ಅರ್ಧದಷ್ಟು, ತುಸು ಕಡಿಮೆ ಇರುತ್ತದೆ. 143ನ್ನು ಆ ಉದ್ದದಿಂದ ಭಾಗಿಸಿದರೆ ಯಾವ ಕಂಪನಾಂಕಕ್ಕಾಗಿ ಅದನ್ನು ತಯಾರಿಸಿದ್ದರು ಎಂಬುದು ಮೆಗಾಹರ್ಟ್ಜ್‌ನಲ್ಲಿ ಸಿಗುತ್ತದೆ. 72 ಸೆಂಟಿಮೀಟರ್ ಇದ್ದರೆ ಸುಮಾರು 199. ಅದರ ಹಿಂದಿರುವ ಕಡ್ಡಿ ಏಕೆ ಸ್ವಲ್ಪ ಉದ್ದ, ಮುಂದಿನವು ಏಕೆ ಸ್ವಲ್ಪ ಗಿಡ್ಡ ಎಂಬುದನ್ನು ನಿಮ್ಮ ಭೌತಶಾಸ್ತ್ರದ ಮೇಷ್ಟರನ್ನು ಕೇಳಿ.