ಕಡಿವಾಣ ಕಡಲಿನಲ್ಲಿ, ಮನೆ ಬಯಲಿನಲ್ಲಿ

2023ನೆಯ ಇಸವಿಯ ಜೂನ್ 16, ಶುಕ್ರವಾರ. ಬೆಳಗಿನ 7 ಗಂಟೆ 35 ನಿಮಿಷ. ಚಳ್ಳಕೆರೆ ತಾಲ್ಲೂಕಿನ ಬಯಲಿನಿಂದ ನೀಳವಾದ ರೆಕ್ಕೆಗಳ ವಿಮಾನವೊಂದು ನೆಲವನ್ನು ಬಿಟ್ಟು ಮೇಲೇರಿತು. ಅದರಲ್ಲಿ ಚಾಲಕನಿರಲಿಲ್ಲ, ಚಾಲಕನು ಕುಳಿತುಕೊಳ್ಳುವ ಪೀಠವೇ ಇರಲಿಲ್ಲ. ಆ ಹೊತ್ತಿಗೆ ಸಹ್ಯಾದ್ರಿಯ ಆಚೆ, ಕಾರವಾರದ ನೌಕಾನೆಲೆಯಿಂದ 148 ಕಿಲೋಮೀಟರು ದೂರದ ಕಡಲಿನಲ್ಲಿ, ಭಾರತೀಯ ನೌಕಾಪಡೆಯ ‘ಸುಭದ್ರಾ’ ಎಂಬ ಹಡಗು ಅದರ ಕಡಿವಾಣವನ್ನು ಹಿಡಿಯಲು ಸಿದ್ಧವಾಗಿತ್ತು.

ವಿಮಾನದ ಹೆಸರು ‘ತಪಸ್’. ತಪಸ್ವಿಯ ವೇಷದಲ್ಲಿ ಬಂದ ಅರ್ಜುನನ ರಥವನ್ನು ಸುಭದ್ರೆಯೇ ನಡೆಸಿದಳೆಂಬ ಕಥೆಯನ್ನು ಬಲ್ಲವರಿಗೆ ಈ ಎರಡು ಹೆಸರುಗಳ ಜೋಡಿ ಸೋಜಿಗವೆನಿಸಬಹುದು. ಆದರೆ ಅಂದಿನ ಪರೀಕ್ಷೆ ಕಥೆಯಷ್ಟು ಸುಲಭವಾದುದಲ್ಲ. ಆಕಾಶದಲ್ಲಿರುವ ವಿಮಾನದ ಹತೋಟಿಯನ್ನು ಒಂದು ಕೈಯಿಂದ ಮತ್ತೊಂದು ಕೈಗೆ ಒಪ್ಪಿಸಿ, ಮರಳಿ ಪಡೆದು, ಅದನ್ನು ಹೊರಟ ನೆಲಕ್ಕೇ ಕ್ಷೇಮವಾಗಿ ಇಳಿಸಬೇಕಾಗಿತ್ತು.

ಮಲೆ ಕೊಟ್ಟ ಬಯಲು

ಚಳ್ಳಕೆರೆಯಿಂದ ಬಳ್ಳಾರಿಯ ದಾರಿ ಹಿಡಿದು ಹೊರಟವರಿಗೆ ಸಿಗುವ ಊರು ತಳಕು. ಕಾದಂಬರಿಕಾರ ತ. ರಾ. ಸು. ಅವರ ಹೆಸರಿನ ಮೊದಲ ಅಕ್ಷರವೇ ಈ ಊರು. ಮುಂದೆ ಸಾಗಿದರೆ ಮೊಳಕಾಲ್ಮುರುವಿನ ಬಂಡೆಗಲ್ಲಿನ ಗುಡ್ಡಗಳು. ಇತ್ತ ನಾಯಕನಹಟ್ಟಿಯ ಕಡೆಗೆ ಹುಲ್ಲುಗಾವಲು, ಜಾಲಿಯ ಪೊದೆ, ಕಡಲೆಕಾಯಿಯ ಹೊಲ. ಕುರಿಯ ಮಂದೆ ಈ ಸೀಮೆಯ ಸಿರಿ. ಕಂಬಳಿ ಅದರ ಕೀರ್ತಿ. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು.

ಈ ಬರಕ್ಕೆ ಕಾರಣ ದೂರದ ಸಹ್ಯಾದ್ರಿ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಆ ಮಲೆಗಳನ್ನೇರುವಾಗ ತಂಪಾಗಿ, ತನ್ನ ನೀರಿನ ಬಹುಪಾಲನ್ನು ಅಲ್ಲಿಯೇ ಸುರಿಸಿಬಿಡುತ್ತದೆ. ಮಲೆಯಿಳಿದು ಬಯಲುಸೀಮೆಗೆ ಬರುವುದು ಒಣಗಾಳಿ. ಮಳೆ ಕಡಿಮೆಯಾದಲ್ಲಿ ಕಾಡು ಬೆಳೆಯಲಿಲ್ಲ, ಹುಲ್ಲು ಬೆಳೆಯಿತು. ಮೈಸೂರು ಅರಸರ ಕಾಲದಲ್ಲಿ ಇಂತಹ ಹುಲ್ಲುಗಾವಲುಗಳನ್ನು ಸೈನ್ಯದ ಬಂಡಿ ಎಳೆಯುವ ಅಮೃತಮಹಲ್ ದನಗಳಿಗಾಗಿ ‘ಕಾವಲು’ಗಳೆಂದು ಕಾದಿರಿಸಲಾಯಿತು. ದನಗಳ ಹಿಂದೆ ಕುರಿಗಳು ಬಂದವು. ಬಹುಕಾಲದ ಮೇಲೆ ವಿಮಾನಗಳು ಬಂದವು. ವಿಶಾಲವಾದ ಸಮತಟ್ಟು ನೆಲ ಮತ್ತು ತಿಳಿಯಾದ ಆಕಾಶ ವಿಮಾನ ಪರೀಕ್ಷಕರಿಗೂ ಬೇಕು.

ರಕ್ಷಣಾ ಸಂಶೋಧನಾ ಸಂಸ್ಥೆಗೆ ವರವು ಕಾವಲಿನಲ್ಲಿ ದೊರೆತ ಭೂಮಿ 4,290 ಎಕರೆ. ಅಲ್ಲಿ ನಿರ್ಮಿಸಿದ ವೈಮಾನಿಕ ಪರೀಕ್ಷಾ ಕೇಂದ್ರವನ್ನು 2017ರ ಮೇ 28ರಂದು ವಿಧ್ಯುಕ್ತವಾಗಿ ಉದ್ಘಾಟಿಸಲಾಯಿತು. ಅದಕ್ಕೆ ಮೊದಲೇ, 2016ರ ನವೆಂಬರ್ 15ರಂದು, ಬೆಂಗಳೂರಿನಲ್ಲಿ ರೂಪುಗೊಂಡ ‘ತಪಸ್’ ಇಲ್ಲಿಂದ ತನ್ನ ಮೊದಲ ಹಾರಾಟವನ್ನು ನಡೆಸಿತ್ತು.

ಗೋಡೆ ಯಾವುದು?

ಮಲೆನಾಡಿನ ನಡುವೆ ಚಿಕ್ಕ ವಿಮಾನ ನಡೆಸುವವನಿಗೆ ತನ್ನ ಮೈಯೇ ಅರ್ಧ ಯಂತ್ರ. ಗೈರೋಪ್ಲೇನನ್ನೇ ನೋಡಿ. ಸ್ಪೇನ್ ದೇಶದ ಹುವಾನ್ ದ ಲಾ ಸಿಯೆರ್ವ ಎಂಬ ಎಂಜಿನಿಯರು ರೂಪಿಸಿದ ಈ ಬಗೆಯ ವಿಮಾನ 1923ರ ಜನವರಿಯಲ್ಲಿ ಮೊದಲು ಯಶಸ್ವಿಯಾಗಿ ಹಾರಿತು. ಅದರ ತಲೆಯ ಮೇಲಿನ ರೆಕ್ಕೆಗಳನ್ನು ತಿರುಗಿಸುವುದು ಎಂಜಿನ್ ಅಲ್ಲ, ಎದುರು ನುಗ್ಗುವ ಗಾಳಿ. ಎಂಜಿನ್ ನಿಂತರೂ ಆ ರೆಕ್ಕೆಗಳು ತಿರುಗುತ್ತಲೇ ಇದ್ದು ವಿಮಾನವನ್ನು ಮೆಲ್ಲನೆ ಇಳಿಸಬಲ್ಲವು. ಆದರೆ ಇಳಿಯಲು ಹದವಾದ ನೆಲವನ್ನು ಚಾಲಕನೇ ಹುಡುಕಬೇಕು. ಕಣಿವೆಯಲ್ಲಿ ಗಾಳಿ ಹೊರಳಿದರೆ ಆಸನದ ಕೆಳಗೇ ಅದು ತಿಳಿಯುತ್ತದೆ. ಮೋಡ ಕವಿದರೆ ಕಣ್ಣು ಎಚ್ಚರಿಸುತ್ತದೆ.

‘ತಪಸ್’ನಲ್ಲಿ ಆ ಮೈಯೂ ಇಲ್ಲ, ಕಣ್ಣೂ ಇಲ್ಲ. ಅದರ ಚಾಲಕರು ನೆಲದ ಮೇಲಿನ ಕೋಣೆಯಲ್ಲಿ ಪರದೆಗಳ ಮುಂದೆ ಕುಳಿತಿರುತ್ತಾರೆ. ಅವರನ್ನೂ ವಿಮಾನವನ್ನೂ ಕಟ್ಟಿರುವುದು ರೇಡಿಯೋ ಅಲೆಯೆಂಬ ಕಾಣದ ದಾರ. ಆ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಅಡ್ಡಬಂದ ಬೆಟ್ಟವನ್ನು ತೂರುವುದಿಲ್ಲ.

ಚಳ್ಳಕೆರೆಗೂ ಕಾರವಾರಕ್ಕೂ ನಡುವೆ ಸಹ್ಯಾದ್ರಿಯಿದೆ. ಆದರೆ ಅದಕ್ಕಿಂತ ದೊಡ್ಡ ಗೋಡೆ ಭೂಮಿಯ ದುಂಡುತನವೇ. ಬಯಲಿನಲ್ಲಿ ನಿಂತವನ ಕಣ್ಣಿಗೆ ದಿಗಂತ ಸುಮಾರು 5 ಕಿಲೋಮೀಟರಿಗೇ ಮುಗಿಯುತ್ತದೆ. ಪರೀಕ್ಷಾ ಕೇಂದ್ರದಿಂದ ಕಾರವಾರದ ನೌಕಾನೆಲೆಗಾದರೋ 285 ಕಿಲೋಮೀಟರು. ಇದಕ್ಕೆ ಪರಿಹಾರ ಎತ್ತರ. ಅಂದು ವಿಮಾನ 20,000 ಅಡಿಗಳ ಮೇಲೆ ಹಾರಿತು. ಆ ಎತ್ತರದಲ್ಲಿರುವ ವಿಮಾನದ ರೇಡಿಯೋ ದಿಗಂತ 300 ಕಿಲೋಮೀಟರಿಗೂ ಮಿಗಿಲು. ಮಲೆಯ ಈಚಿನ ಬಯಲಿಗೂ ಆಚಿನ ಕಡಲಿಗೂ ಏಕಕಾಲಕ್ಕೆ ಮುಖ ಕೊಡಬಲ್ಲ ಎತ್ತರವದು.

ಹಡಗಿನ ಮೇಲೆ ಒಂದು ನಿಯಂತ್ರಣ ಕೇಂದ್ರವನ್ನೂ ಎರಡು ಸಂಪರ್ಕ ಯಂತ್ರಗಳನ್ನೂ ಅಳವಡಿಸಿದ್ದರು. ಒಟ್ಟು ಮೂರೂವರೆ ಗಂಟೆಗಳ ಹಾರಾಟದಲ್ಲಿ 40 ನಿಮಿಷ ವಿಮಾನ ‘ಸುಭದ್ರಾ’ದ ಹತೋಟಿಯಲ್ಲಿತ್ತು. ಬಳಿಕ ಕಡಿವಾಣ ಮರಳಿತು. ವಿಮಾನವೂ ಮರಳಿ, ತಾನು ಹೊರಟ ಬಯಲಿನಲ್ಲಿಯೇ ಕರಾರುವಾಕ್ಕಾಗಿ ಇಳಿಯಿತು.

ಮರಳುವ ವಿದ್ಯೆ

ಹಾರುವುದಕ್ಕಿಂತ ಮರಳುವುದು ಕಠಿಣವೆಂಬುದನ್ನು ಈ ಸೀಮೆಯ ರೈತರು ಕಣ್ಣಾರೆ ಕಂಡಿದ್ದಾರೆ. 2019ರ ಸೆಪ್ಟೆಂಬರ್ 17ರ ಮುಂಜಾನೆ ಇದೇ ಬಗೆಯ ವಿಮಾನವೊಂದು ಚಳ್ಳಕೆರೆ ತಾಲ್ಲೂಕಿನ ಜೋಡಿ ಚಿಕ್ಕೇನಹಳ್ಳಿಯ ಬಳಿ ಬಿದ್ದು ನುಚ್ಚುನೂರಾಯಿತು. ಕಡಲಿನವರೆಗೆ ಕೈ ಚಾಚಿದ ಆ ಶುಭದಿನದ ಎರಡು ತಿಂಗಳ ಮೇಲೆ, 2023ರ ಆಗಸ್ಟ್ 20ರಂದು, ಮತ್ತೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತು. ವಿಮಾನದಲ್ಲಿ ಮನುಷ್ಯರಿರಲಿಲ್ಲ ನಿಜ. ಹೊಲದಲ್ಲಿ ಮನುಷ್ಯರು ದುಡಿಯುತ್ತಾರೆ ಎಂಬುದನ್ನು ಮರೆಯಲಾದೀತೆ?

30,000 ಅಡಿಗಳ ಎತ್ತರ, 24 ಗಂಟೆಗಳ ಹಾರಾಟ ಎಂದು ಸೇನೆ ಬಯಸಿದ್ದ ಮಟ್ಟವನ್ನು ‘ತಪಸ್’ ಪೂರ್ಣವಾಗಿ ಮುಟ್ಟಲಿಲ್ಲವೆಂದೂ, ಅದು ಆದ್ಯತೆಯ ಯೋಜನೆಗಳ ಸಾಲಿನಿಂದ ಹೊರಬಿದ್ದಿತೆಂದೂ 2024ರ ಆರಂಭದಲ್ಲಿ ವರದಿಯಾಯಿತು. ಆದರೆ ಮರಳುವ ವಿದ್ಯೆಯ ಪಾಠ ಈ ಬಯಲಿನಲ್ಲಿ ಅದೊಂದರದೇ ಅಲ್ಲ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆಯ ವಾಹನವೊಂದನ್ನು ಹೆಲಿಕಾಪ್ಟರು ಇಲ್ಲಿಯೇ ನಾಲ್ಕೂವರೆ ಕಿಲೋಮೀಟರು ಮೇಲಕ್ಕೊಯ್ದು ಬಿಟ್ಟಿತು. ಎಂಜಿನಿನ ನೆರವಿಲ್ಲದೆ ತೇಲಿಬಂದ ಅದು ತಾನೇ ದಾರಿ ಕಂಡುಕೊಂಡು ಓಟದ ಹಾದಿಯ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಇನ್ನೂ ಕಷ್ಟದ ಕೋನಗಳಿಂದ ಆ ಪರೀಕ್ಷೆಯನ್ನು ಗೆದ್ದಿತು.

ಇಷ್ಟು ಗೆಲುವುಗಳ ನಡುವೆ ಕೇಳಲೇಬೇಕಾದ ಮಾತೊಂದಿದೆ: ಮನೆ ಯಾರದು? ವಿಮಾನಕ್ಕೆ ಮನೆಯಾದ ಕಾವಲು ಅದಕ್ಕೆ ಮುಂಚೆ ಕುರಿಗಾಹಿಗಳ ಅಂಗಳವಾಗಿತ್ತು. ಬೇಲಿ ಬಂದಾಗ ಹುಲ್ಲಿಗಾಗಿ ಹಳ್ಳಿಗರು ಮೊರೆಯಿಟ್ಟರು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಷರತ್ತುಗಳೊಡನೆ ಕೆಲಸ ಮುಂದುವರಿಯಿತು. ಹುಲ್ಲನ್ನು ನಂಬಿದ ಬದುಕಿಗೆ ಮಾತ್ರ ದಾರಿ ಉದ್ದವಾಯಿತು.

ಸಂಜೆಯ ಹೊತ್ತು ಈ ಸೀಮೆಯ ದಾರಿಗಳಲ್ಲಿ ಕೆಂಧೂಳೆಬ್ಬಿಸುತ್ತ ಮಂದೆಗಳು ಹಟ್ಟಿಗೆ ಮರಳುತ್ತವೆ. ಅವಕ್ಕೆ ಯಾವ ರೇಡಿಯೋ ಅಲೆಯ ದಾರವೂ ಇಲ್ಲ. ಕುರುಬನ ಒಂದು ಕೂಗು ಸಾಕು. ಬೇಲಿಯ ಅಂಚಿಗೆ ಬಂದಾಗ ಅವು ಬಳಸಿಕೊಂಡು ಹೋಗುತ್ತವೆ, ಅಷ್ಟೆ.