ತುಂಡಾದ ಡ್ರೈವ್‌ಶಾಫ್ಟ್: ಗೇರ್‌ಬಾಕ್ಸ್ ಇಳಿಸುವ ಮುನ್ನ

ರಾಯಚೂರು: ಎಂಜಿನ್ ಓಡುತ್ತಿದೆ, ಗೇರ್ ಬೀಳುತ್ತಿದೆ, ಕ್ಲಚ್ ಬಿಟ್ಟರೂ ಕಾರು ಮಾತ್ರ ಕದಲುತ್ತಿಲ್ಲ. ದೇವದುರ್ಗ ಅಥವಾ ಮಾನ್ವಿಯಿಂದ ರಾಯಚೂರಿನ ಆಸ್ಪತ್ರೆಗೆ ಹೊರಟವರು ನಡುದಾರಿಯಲ್ಲಿ ಹೀಗೆ ಸಿಲುಕಿದರೆ ಮೊದಲ ಅನುಮಾನ ಕ್ಲಚ್ ಮೇಲೆಯೇ. ಆದರೆ ಡ್ರೈವ್‌ಶಾಫ್ಟ್ ತುಂಡಾದಾಗಲೂ ಲಕ್ಷಣ ಇದೇ. ಶಾಫ್ಟ್ ಬದಲಿಸುವುದು ದೊಡ್ಡ ಕೆಲಸವಲ್ಲ. ಮುರಿದ ತುಂಡು ಗೇರ್‌ಬಾಕ್ಸ್‌ನೊಳಗೆ ಕಚ್ಚಿಕೊಂಡಾಗ ಅದನ್ನು ಹೊರತೆಗೆಯುವ ರೀತಿಯೇ ಮಾಲೀಕನ ಖರ್ಚನ್ನು ನಿರ್ಧರಿಸುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಶಕ್ತಿ ಹರಿಯುತ್ತಿದ್ದುದು ಹಿಂಚಕ್ರಗಳಿಗೆ. 1983ರಲ್ಲಿ ಮಾರುತಿ 800 ಬಂದ ಮೇಲೆ ಮುಂಚಕ್ರ ಚಾಲನೆ ದೇಶದಲ್ಲಿ ಮನೆಮಾತಾಯಿತು. ಇದರಲ್ಲಿ ಗೇರ್‌ಬಾಕ್ಸ್‌ನ ಎರಡೂ ಬದಿಯಿಂದ ಒಂದೊಂದು ಶಾಫ್ಟ್ ಹೊರಟು ಚಕ್ರವನ್ನು ಸೇರುತ್ತದೆ. ನಡುವೆ ಇರುವ ಡಿಫರೆನ್ಷಿಯಲ್‌ನ ಗುಣ ವಿಚಿತ್ರ. ಒಂದು ಬದಿ ತುಂಡಾದರೆ ತಿರುಗುವಿಕೆಯೆಲ್ಲ ಆ ಸಡಿಲ ಬದಿಗೇ ಹೋಗುತ್ತದೆ, ಸರಿಯಿರುವ ಚಕ್ರಕ್ಕೂ ಬಲ ಸಿಗುವುದಿಲ್ಲ. ಆದ್ದರಿಂದ ಇಂಥ ಕಾರನ್ನು ಗೇರ್‌ನಲ್ಲಿಟ್ಟು ನಿಲ್ಲಿಸಿದರೂ ಇಳಿಜಾರಿನಲ್ಲಿ ಜಾರಬಹುದು. ಹ್ಯಾಂಡ್‌ಬ್ರೇಕ್ ಜತೆಗೆ ಚಕ್ರಕ್ಕೆ ಕಲ್ಲು ಕೊಡುವುದು ಅಗತ್ಯ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವುದು ನಮ್ಮಲ್ಲಿ ರೂಢಿ. ಮುಂಚಕ್ರಗಳನ್ನು ಎತ್ತದೆ ಹಾಗೆ ಎಳೆದರೆ ಮುರಿದ ಕೊನೆ ಸುತ್ತಮುತ್ತಲ ಭಾಗಗಳಿಗೆ ಬಡಿಯುತ್ತದೆ.

ಶಾಫ್ಟ್ ಸುಮ್ಮನೆ ಮುರಿಯುವುದು ಅಪರೂಪ. ಅದರ ಕೀಲುಗಳನ್ನು ಕಾಯುವ ರಬ್ಬರ್ ಕವಚ ಹರಿದು, ಗ್ರೀಸ್ ಸೋರಿ, ಮಣ್ಣು ಒಳಸೇರುವುದರಿಂದ ಹಾಳಾಗುವಿಕೆ ಶುರುವಾಗುತ್ತದೆ. ತಿರುವಿನಲ್ಲಿ ಕೇಳುವ ‘ಟಕ್ ಟಕ್’ ಸದ್ದು ಅದರ ಎಚ್ಚರಿಕೆ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಭಾಗವಿರಲಿ, ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗ ಭಾಗವಿರಲಿ, ಮಳೆಗಾಲದ ಎರೆಮಣ್ಣಿನ ದಾರಿಯಲ್ಲಿ ಕಾರು ಹೂತುಕೊಳ್ಳುವುದು ಹೊಸದಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಕೆಸರಲ್ಲಿ ಸುತ್ತುತ್ತಿದ್ದ ಚಕ್ರ ಒಮ್ಮೆಲೇ ಗಟ್ಟಿ ನೆಲ ಹಿಡಿದರೆ, ಮೊದಲೇ ಸವೆದ ಶಾಫ್ಟ್ ಆ ಪೆಟ್ಟಿಗೆ ತುಂಡಾಗುತ್ತದೆ.

ಇನ್ನು ಒಳಗೆ ಅದನ್ನು ಹಿಡಿದಿಟ್ಟಿರುವುದೇನು? ಕೆಲವು ಕಾರುಗಳಲ್ಲಿ ಬೋಲ್ಟ್‌ಗಳಿರುತ್ತವೆ. ಅವುಗಳದು ಸುಲಭದ ಕೆಲಸ. ಬಹುತೇಕ ಸಣ್ಣ ಕಾರುಗಳಲ್ಲಿ ಶಾಫ್ಟ್‌ನ ಹಲ್ಲುಕೊನೆಯಲ್ಲಿ ಒಂದು ತೆಳುವಾದ ಉಕ್ಕಿನ ಬಳೆ, ಅಂದರೆ ಸರ್ಕ್ಲಿಪ್ ಇರುತ್ತದೆ. ಡಿಫರೆನ್ಷಿಯಲ್‌ನ ಗೇರ್ ದಾಟಿದ ಕೂಡಲೇ ಅದು ಅರಳಿ ಬೀಗದಂತೆ ನಿಲ್ಲುತ್ತದೆ. ನಿಧಾನವಾಗಿ ಎಷ್ಟು ಎಳೆದರೂ ಅದು ಬಿಡದು. ಬಳೆ ಕುಗ್ಗಬೇಕಾದರೆ ನೇರವಾದ, ಗಿಡ್ಡ ಪೆಟ್ಟು ಬೇಕು.

ಮುರಿತ ಹೊರಭಾಗದಲ್ಲಿ ಆಗಿದ್ದರೆ ಒಳಕೀಲಿನ ಬಟ್ಟಲು ಕೈಗೆ ಸಿಗುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಗೇರ್ ಆಯಿಲ್ ಇಳಿಸಿ, ಬಟ್ಟಲಿಗೂ ಗೇರ್‌ಬಾಕ್ಸ್ ಗೋಡೆಗೂ ನಡುವೆ ಎದುರು-ಬದುರು ಎರಡು ಲಿವರ್ ಕೊಟ್ಟು ಒಟ್ಟಿಗೆ ಮೀಟಬೇಕು. ಬರದಿದ್ದರೆ ಬಟ್ಟಲನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಪ್ರಯತ್ನಿಸಬೇಕು. ಬಳೆಯ ಸ್ಥಾನ ಬದಲಾಗಿ ಸಲೀಸಾಗಿ ಬರುವುದುಂಟು. ಗೇರ್‌ಬಾಕ್ಸ್‌ನ ಹೊರಕವಚ ಅಲ್ಯೂಮಿನಿಯಂ ಎಂಬುದನ್ನು ಮರೆತು ಒಂದೇ ಕಡೆ ಹಾರೆ ಹಾಕಿದರೆ ಅದು ಬಿರುಕು ಬಿಡುತ್ತದೆ. ಉಳಿದ ಶಾಫ್ಟ್‌ಗೆ ಕಟ್ಟಿ ಎಳೆಯುವುದೂ ತಪ್ಪು. ಕೀಲು ಬಿಚ್ಚಿ ಬರುತ್ತದೆಯೇ ಹೊರತು ಬಳೆ ಅಲ್ಲಿಯೇ ಉಳಿಯುತ್ತದೆ.

ನಿಜವಾದ ತಲೆನೋವು ತುಂಡು ಸೀಲ್‌ನ ಮಟ್ಟಕ್ಕೇ ಮುರಿದಾಗ. ಹಿಡಿಯಲು ಏನೂ ಉಳಿದಿರುವುದಿಲ್ಲ. ಇನ್ನೊಂದು ಬದಿಯ ಶಾಫ್ಟ್ ತೆಗೆದು ಆ ರಂಧ್ರದಿಂದ ಉದ್ದದ ಸರಳು ತೂರಿಸಿ ತಟ್ಟುವ ಉಪಾಯ ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಫಲಿಸುತ್ತದೆ. ನಡುವೆ ಅಡ್ಡಪಿನ್ ಇರುವ ಕಡೆ ದಾರಿಯೇ ಇಲ್ಲ. ಅಲ್ಲಿ ಬಲವಂತ ಸಲ್ಲದು. ಎರಡೂ ಶಾಫ್ಟ್ ಹೊರಬಂದಾಗ ಒಳಗಿನ ಗೇರ್‌ಗಳು ಜಾರಿ ಬಿಡುವ ಅಪಾಯವಿರುವುದರಿಂದ ಅನುಭವಿಗಳು ಖಾಲಿ ರಂಧ್ರಕ್ಕೆ ಹಳೆ ಶಾಫ್ಟ್‌ನ ಕೊನೆಯನ್ನೋ ಮರದ ಗೂಟವನ್ನೋ ಇಡುತ್ತಾರೆ.

ಮತ್ತೊಂದು ದಾರಿ, ಮುರಿದ ಮುಖಕ್ಕೆ ಬೋಲ್ಟ್ ವೆಲ್ಡ್ ಮಾಡಿ ಸ್ಲೈಡ್ ಹ್ಯಾಮರ್‌ನಿಂದ ಹೊರಗೆಳೆಯುವುದು. ಇದಕ್ಕೆ ಮುನ್ನ ಎಣ್ಣೆ ಪೂರ್ತಿ ಇಳಿಸಿ, ಬ್ಯಾಟರಿ ತಂತಿ ಕಳಚಬೇಕು. ವೆಲ್ಡಿಂಗ್‌ನ ಅರ್ತ್ ಕ್ಲಿಪ್ಪನ್ನು ಆ ತುಂಡಿಗೇ ಅತಿ ಸಮೀಪದಲ್ಲಿ ಹಿಡಿಸಬೇಕು, ಇಲ್ಲದಿದ್ದರೆ ವಿದ್ಯುತ್ ಬೇರಿಂಗ್ ಮೂಲಕ ಹರಿದು ಅದನ್ನೇ ಕೆಡಿಸುತ್ತದೆ. ಡ್ರಿಲ್ ಹಾಕುವುದಕ್ಕಿಂತ ಇದು ಮೇಲು. ಡ್ರಿಲ್‌ನ ಲೋಹದ ಚೂರುಗಳು ಒಳಗೆ ಬಿದ್ದರೆ ಮುಂದೆ ಅವೇ ಗೇರ್ ಹಲ್ಲುಗಳನ್ನು ತಿನ್ನುತ್ತವೆ. ಇವ್ಯಾವುದೂ ಫಲಿಸದಾಗ ಮಾತ್ರ ಗೇರ್‌ಬಾಕ್ಸ್ ಇಳಿಸುವ ಮಾತು.

ಹೊರಬಂದ ತುಂಡಿನಲ್ಲಿ ಬಳೆ ಇಡಿಯಾಗಿ ಇದೆಯೇ ಎಂದು ನೋಡಬೇಕು. ಅದರ ಚೂರು ಒಳಗುಳಿದರೆ ಮಾಡಿದ್ದೆಲ್ಲ ವ್ಯರ್ಥ. ಹೊಸ ಆಯಿಲ್ ಸೀಲ್, ಹೊಸ ಬಳೆ ಹಾಕಿ, ಸೀಲ್‌ನ ತುಟಿ ಹರಿಯದಂತೆ ಶಾಫ್ಟನ್ನು ‘ಟಕ್’ ಎಂದು ಕೂರುವವರೆಗೆ ತಳ್ಳಬೇಕು. ಬಟ್ಟಲು ಹಿಡಿದು ಎಳೆದಾಗ ಬರದಿದ್ದರೆ ಕೂತಿದೆ ಎಂದರ್ಥ. ಬಳಿಕ ಕಾರು ಸಮತಟ್ಟಾಗಿ ನಿಂತಿರುವಾಗ ಕಂಪನಿ ಸೂಚಿಸಿದ ಗೇರ್ ಆಯಿಲ್ ತುಂಬಿ, ಹತ್ತಾರು ಕಿ.ಮೀ. ಓಡಿಸಿ ಬಂದು ಸೀಲ್ ಸುತ್ತ ಜಿನುಗಿದೆಯೇ ಎಂದು ಮತ್ತೊಮ್ಮೆ ಕೆಳಗೆ ಬಗ್ಗಿ ನೋಡಬೇಕು.